ಹಂಡೆ ಒಲೆಯ ಬಿಸಿ ಅಪ್ಪನ ಕೋಣೆಗೆ: ತೊಗರಿ ಕಟ್ಟಿಗೆಯ ಬೆಚ್ಚನೆ ಕಟ್ಟೆ

ಬೀದರ್ ಅಂದರೆ ಬಿಸಿಲು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಬಂದು ಒಂದು ರಾತ್ರಿ ಇದ್ದು ನೋಡಿ. ನಾವಿರುವುದು ಸಮುದ್ರ ಮಟ್ಟದಿಂದ 2,000 ಅಡಿಗಿಂತ ಮೇಲೆ, ಬಯಲಿನಲ್ಲಿ. ಎಳ್ಳ ಅಮಾವಾಸ್ಯೆಯ ಆಜುಬಾಜು ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಕಲ್ಲಿನ ಗೋಡೆಯ ಹಳೇ ಮನೆ. ಒಮ್ಮೆ ತಣ್ಣಗಾದರೆ ಆ ಗೋಡೆ ಬೆಳಗಿನವರೆಗೆ ಮೈಯಲ್ಲಿನ ಬಿಸಿ ಎಳೆಯುತ್ತಲೇ ಇರುತ್ತದೆ.

ಅಪ್ಪನಿಗೆ ಈಗ 74. ಮೊಣಕಾಲು ನೋವು. ಹೋದ ವರ್ಷದವರೆಗೂ ರಾತ್ರಿ ಅವರ ಮಂಚದ ಪಕ್ಕ ಶೇಗಡಿಯಲ್ಲಿ ಕೆಂಡ ಇಟ್ಟು ಮಲಗುತ್ತಿದ್ದರು. ಒಂದು ಬೆಳಿಗ್ಗೆ ಕರೆದರೂ ಏಳಲಿಲ್ಲ. ಕಿಟಕಿ, ಬಾಗಿಲು ಎರಡೂ ಮುಚ್ಚಿದ್ದವು. ಎಬ್ಬಿಸಿ ಅಂಗಳಕ್ಕೆ ತಂದು ಕೂರಿಸಿದೆವು. ತಲೆ ಸಿಡಿಯುತ್ತಿದೆ ಅಂದರು, ವಾಂತಿ ಮಾಡಿಕೊಂಡರು. ಗಾಳಿ ಸಿಕ್ಕ ಮೇಲೆ ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿದರು. ಕೆಂಡದಲ್ಲಿ ಹೊಗೆ ಇರುವುದಿಲ್ಲ, ಅದಕ್ಕೇ ನಾವು ನಂಬುತ್ತೇವೆ. ಆದರೆ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರುವುದೇ ಆ ಕೆಂಡದಿಂದ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಅವತ್ತೇ ಶೇಗಡಿಯನ್ನು ಹಿತ್ತಲಿಗೆ ಹಾಕಿದೆ.

ಕರೆಂಟಿನ ಹೀಟರ್ ತಂದು ನೋಡಿದೆವು. 2,000 ವ್ಯಾಟಿನದು. ಗಂಟೆಗೆ 2 ಯೂನಿಟ್. ಚಳಿ ಜಾಸ್ತಿ ಇದ್ದ ದಿನವೇ ನಮ್ಮಲ್ಲಿ ಕರೆಂಟು ಹೋಗುತ್ತದೆ. ಇತ್ತ ಹಿತ್ತಲಲ್ಲಿ ತೊಗರಿ ಕಟ್ಟಿಗೆ ರಾಶಿ ಬಿದ್ದಿದೆ. ಪ್ರತಿ ವರ್ಷ ತೊಗರಿ ಒಕ್ಕಿ ರಾಶಿ ಮುಗಿದ ಮೇಲೆ ಒಂದಿಷ್ಟು ಒಲೆಗೆ, ಒಂದಿಷ್ಟು ಬೇಲಿಗೆ, ಉಳಿದದ್ದಕ್ಕೆ ಹೊಲದಲ್ಲೇ ಬೆಂಕಿ. ನಮ್ಮ ಕಲಬುರಗಿ, ಬೀದರ್ ಕಡೆ ತೊಗರಿಗೆ ಕೊರತೆ ಇಲ್ಲ. ಬೇಳೆಗೆ ಹೆಸರು ಬಂತು, 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಸೂಚಕ) ಗುರುತೂ ಸಿಕ್ಕಿತು. ಕಟ್ಟಿಗೆಗೆ ಮಾತ್ರ ಯಾರೂ ಬೆಲೆ ಕೊಡಲಿಲ್ಲ. ಒಣಗಿದ ಒಂದು ಕೆಜಿ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್ ಬಿಸಿ ಇದೆ. ಅದನ್ನು ಹೊಲದಲ್ಲಿ ಸುಮ್ನೆ ಸುಡುವುದು ನನಗೆ ಹೊಟ್ಟೆ ಉರಿಸುವ ಸಂಗತಿ.

ಹಾಗಾಗಿ ಯೋಚನೆ ಇಷ್ಟೇ. ಬೆಂಕಿ ಹೊರಗೆ ಇರಬೇಕು, ಬಿಸಿ ಒಳಗೆ ಬರಬೇಕು, ಹೊಗೆ ಕೋಣೆಯ ಗಾಳಿಯನ್ನು ಮುಟ್ಟದೆ ಚಿಮಣಿಗೆ ಹೋಗಬೇಕು. ಇದು ಹೊಸದೇನಲ್ಲ. ಕೊರಿಯಾದಲ್ಲಿ ನೆಲದ ಕೆಳಗೆ ಹೊಗೆ ಹಾಯಿಸುವ ಒಂಡೋಲ್ ಇದೆ, ಉತ್ತರ ಚೀನಾದಲ್ಲಿ ಮಲಗುವ ಕಟ್ಟೆಯೊಳಗೆ ಹಾಯಿಸುವ ಕಾಂಗ್ ಇದೆ. ಬೀದರ್ ಕೋಟೆಯ ಮ್ಯೂಸಿಯಂ ನೋಡಿದ್ದೀರಲ್ವಾ? ಅದು ಇರುವುದೇ ಹಳೇ ಶಾಹಿ ಹಮಾಮಿನಲ್ಲಿ. ಹಮಾಮು ಅಂದರೆ ಒಲೆ ಒಂದು ಕಡೆ, ಮೀಯುವವರು ಇನ್ನೊಂದು ಕಡೆ. ಕಡಿಮೆ ಕಟ್ಟಿಗೆ, ಕಡಿಮೆ ಹೊಗೆ ಅಂತ 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಬಂದಿತ್ತು. ಹೊಗೆಗೆ ಸರಿಯಾದ ದಾರಿ ಮಾಡಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ ಅನ್ನುವುದನ್ನು ನಾನು ಅದರಿಂದಲೇ ಕಲಿತದ್ದು.

ನಮ್ಮ ಬಚ್ಚಲು ಅಪ್ಪನ ಕೋಣೆಗೆ ಅಂಟಿಕೊಂಡೇ ಇದೆ. ನಡುವೆ ಒಂದೇ ಗೋಡೆ. ದಿನಾ ಹಂಡೆ ಕಾಯಿಸುತ್ತೇವೆ, ಆ ಬಿಸಿಯಲ್ಲಿ ಮುಕ್ಕಾಲು ಪಾಲು ಹೊಗೆಯ ಜೊತೆ ಮೇಲೆ ಹೋಗುತ್ತದೆ. ಆ ಹೊಗೆಯನ್ನು ಗೋಡೆ ದಾಟಿಸಿ, ಅಪ್ಪ ಮಲಗುವ ಕಟ್ಟೆಯೊಳಗೆ ಒಂದು ಸುತ್ತು ಹಾಕಿಸಿ, ಆಮೇಲೆ ಹೊರಗೆ ಬಿಡಬೇಕು. ತಾಮ್ರದ ಬಂಬ ಇಡೋಣ ಅಂತ ಅವ್ವ ಅಂದಳು. ನಾನು ಬಾಯಿ ತೆರೆದ ಹಂಡೆಯೇ ಇರಲಿ ಅಂದೆ. ಮುಚ್ಚಿದ ಪಾತ್ರೆಯಲ್ಲಿ ಆವಿ ಕೂತರೆ ಅದು ಬಾಂಬಿನಂತೆ ಸಿಡಿಯುತ್ತದೆ. ಹಂಡೆಗೆ ಆ ಭಯ ಇಲ್ಲ.

ಅಳತೆ ಹೇಳಿಬಿಡುತ್ತೇನೆ, ಮಾಡುವವರಿಗೆ ಬೇಕಾಗುತ್ತದೆ. ಒಲೆಯ ಬಾಯಿ 6 ಇಂಚು ಚೌಕ. ಕಟ್ಟಿಗೆ ಮೇಲಿಂದ ನಿಲ್ಲಿಸುವ ಬಾಯಿ, 12 ಇಂಚು ಆಳ. ಕೆಳಗೆ ಅಡ್ಡ ಸುರಂಗ 18 ಇಂಚು. ಅದರ ಕೊನೆಗೆ ಬೆಂಕಿ ಮೇಲೇರುವ ಗೂಡು, ಸುರಂಗದ ನೆಲದಿಂದ 30 ಇಂಚು. ಇದನ್ನು ರಾಕೆಟ್ ಒಲೆ ಅಂತಾರೆ. ಉರಿ ಅಡ್ಡ ಹೋಗಿ, ಆಮೇಲೆ ನೇರ ಮೇಲೆ ಎದ್ದು, ಆ ಬಿಸಿ ಗೂಡಿನಲ್ಲೇ ಹೊಗೆಯೂ ಸುಟ್ಟು ಹೋಗುತ್ತದೆ. ಗೂಡು ತಣ್ಣಗಿದ್ದರೆ ಹೊಗೆ ಸುಡುವುದಿಲ್ಲ, ಅದಕ್ಕೆ ಗೂಡಿನ ಸುತ್ತ ಬಿಸಿ ಹಿಡಿದಿಡುವ ಹೊದಿಕೆ ಬೇಕು. ಹಂಡೆ ತೀರ ಎತ್ತರ ಆಗಬಾರದು ಅಂತ ಇಡೀ ಒಲೆಯನ್ನು ಒಂದು ಅಡಿ ನೆಲದೊಳಗೆ ಇಳಿಸಿದೆವು. ಗೂಡಿನ ತುದಿಗೂ ಹಂಡೆಯ ತಳಕ್ಕೂ 2 ಇಂಚು ಅಂತರ.

ಕೋಣೆಯ ಕಟ್ಟೆ 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಳಗೆ 8 ಇಂಚು ಚೌಕದ ದಾರಿ. ಗೋಡೆ ಪಕ್ಕ ಹೋಗಿ, ತಿರುಗಿ, ಮುಂದಿನ ಅಂಚಿನಲ್ಲಿ ವಾಪಸ್ ಬರುತ್ತದೆ. ಬಂದ ಕಡೆಯೇ ಚಿಮಣಿ.

ಗೌಂಡಿ ಕಾಕಾ ಮೊದಲ ದಿನವೇ ಸಿಮೆಂಟಿನ ಚೀಲ ಹಿಡಿದು ಬಂದರು. ಮಣ್ಣಿನಲ್ಲಿ ಕಟ್ಟೋಣ ಅಂದದ್ದಕ್ಕೆ ಅವರಿಗೆ ಮನಸ್ಸಿಲ್ಲ. "ಮಣ್ಣ ಅಂದ್ರ ನಾಕ ದಿನಕ್ಕ ಉದುರ್ತದ, ಆಮ್ಯಾಲ ನನ್ನ ಹೆಸರು ಕೆಡ್ತದ" ಅಂದರು. ಕಾಕಾ, ಉರಿ ತಾಗುವ ಕಡೆ ಸಿಮೆಂಟೇ ಮೊದಲು ಉದುರುವುದು ಅಂತ ನಮ್ಮ ಹಳೇ ಹಂಡೆ ಒಲೆ ತೋರಿಸಿದೆ. ಐದು ವರ್ಷದ ಹಿಂದೆ ಸಿಮೆಂಟಿನಲ್ಲಿ ಕಟ್ಟಿದ್ದು. ಸಂದಿನಲ್ಲಿ ಬೆರಳು ಹಾಕಿದರೆ ಬೂದಿಯಂತೆ ಪುಡಿಪುಡಿ. ಕಾಕಾ ತಾವೇ ಒಂದು ತುಂಡು ಕಿತ್ತು ಅಂಗೈಯಲ್ಲಿ ತಿಕ್ಕಿ ನೋಡಿದರು. ಆಮೇಲೆ ಸಿಮೆಂಟಿನ ಮಾತು ಬರಲಿಲ್ಲ. ಪಾಯಕ್ಕೆ ಮಾತ್ರ ಬಳಸಿದೆವು.

ಮಣ್ಣು ಯಾವುದು ಅನ್ನುವುದು ಮುಖ್ಯ. ಎರೆ ಮಣ್ಣು ಬೇಡವೇ ಬೇಡ. ಒಣಗಿದರೆ ಹೊಲದಲ್ಲಿ ಹೇಗೆ ಬಾಯಿ ಬಿಡುತ್ತದೋ ಕಟ್ಟೆಯಲ್ಲೂ ಹಾಗೇ ಬಿಡುತ್ತದೆ. ನಮ್ಮ ಪುಣ್ಯಕ್ಕೆ ಹುಮನಾಬಾದ್ ಕಡೆ ಕೆಂಪು ಮಣ್ಣು ಸಿಗುತ್ತದೆ. ಅದನ್ನು ಜರಡಿ ಹಿಡಿದು, ಒಂದು ಪಾಲು ಮಣ್ಣಿಗೆ ಎರಡು ಪಾಲು ಮರಳು, ಮೇಲೆ ಹಿಡಿ ಹಿಡಿ ಜೋಳದ ಹೊಟ್ಟು. ಸಂಜೆ ನೀರು ಹಾಕಿ ಬಿಟ್ಟು, ಬೆಳಿಗ್ಗೆ ತುಳಿದೆವು. ತಣ್ಣನೆ ಕೆಸರು ಮೊದಲು ಕಾಲಿಗೆ ಜಾರುತ್ತದೆ, ಬೆರಳ ಸಂದಿಯಿಂದ ಪಿಚಕ್ ಅಂತ ಹೊರಗೆ ಬರುತ್ತದೆ. ಅರ್ಧ ಗಂಟೆ ತುಳಿದ ಮೇಲೆ ಕಾಲು ಹಿಡಿಯುತ್ತದೆ, ಎತ್ತುವಾಗ ಚಪ್ ಅಂತ ಸದ್ದು. ಆಗ ಹದ ಬಂತು ಅಂತ ಲೆಕ್ಕ. ಪರೀಕ್ಷೆಗೆ ಲಿಂಬೆಹಣ್ಣಿಗಿಂತ ದೊಡ್ಡ ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡಬೇಕು. ಚಪ್ಪಟೆಯಾಗಿ ಹರಡಿದರೆ ನೀರು ಜಾಸ್ತಿ. ಒಡೆದು ಚೂರಾದರೆ ಮರಳು ಜಾಸ್ತಿ. ಸ್ವಲ್ಪ ತಗ್ಗಿ ಉಂಡೆಯಾಗಿಯೇ ಉಳಿದರೆ ಸರಿ. ಕಾಕಾ ಮೂರು ಉಂಡೆ ಬಿಟ್ಟು ನೋಡಿ, ಇನ್ನೊಂದು ಬುಟ್ಟಿ ಮಣ್ಣು ಸೇರಿಸಿದರು. ಕೆಲಸ ಅವರ ಕೈಗೆ ಬಂದ ಮೇಲೆ ನಾನು ಬರೀ ಇಟ್ಟಂಗಿ ಕೊಡುವವನಾದೆ.

ಉರಿ ಹಾಯುವ ಸುರಂಗ, ಗೂಡು ಎರಡಕ್ಕೂ ಫೈರ್ ಬ್ರಿಕ್, ಅಂದರೆ ಉರಿ ತಡೆಯುವ ಇಟ್ಟಂಗಿ. ಉಳಿದ ಕಡೆ ಮಾಮೂಲಿ ಸುಟ್ಟ ಇಟ್ಟಂಗಿ. ಗೂಡಿನ ಸುತ್ತ ತುಂಬಲು ಭತ್ತದ ಹೊಟ್ಟಿನ ಬೂದಿ. ಇದು ಹಗುರ, ಬಿಸಿ ಬಿಡುವುದಿಲ್ಲ. ನಮ್ಮಲ್ಲಿ ಭತ್ತ ಕಡಿಮೆ. ಸೋದರಮಾವ ಇರುವುದು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ. ಕೃಷ್ಣೆಯ ಕಾಲುವೆ ನೀರು, ಎಲ್ಲಿ ನೋಡಿದರೂ ಗದ್ದೆ. ಅಲ್ಲಿನ ಗಿರಣಿಯಿಂದ ಎರಡು ಚೀಲ ತಂದುಕೊಟ್ಟರು. ಹತ್ತು ಪಾಲು ಬೂದಿಗೆ ಒಂದು ಪಾಲು ತೆಳು ಕೆಸರು, ಅಷ್ಟೇ. ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳಿ. ಆ ಬೂದಿಯ ಧೂಳು ಎದೆಗೆ ಒಳ್ಳೆಯದಲ್ಲ.

ನಾಲ್ಕನೇ ದಿನ ಸಂಜೆ ಮೊದಲ ಬೆಂಕಿ. ಅವ್ವ ಅರಿಶಿನ ಕುಂಕುಮ ಹಚ್ಚಿದಳು. ನಾನು ಕಟ್ಟಿಗೆ ಹೊತ್ತಿಸಿದೆ. ಎರಡು ನಿಮಿಷ ಚೆನ್ನಾಗಿ ಹಿಡಿಯಿತು. ಆಮೇಲೆ ಹೊಗೆ ಬಾಯಿಯಿಂದಲೇ ವಾಪಸ್ ಬಂತು. ಊದಿದರೂ ಅಷ್ಟೇ, ಬೀಸಿದರೂ ಅಷ್ಟೇ. ಬಚ್ಚಲು ತುಂಬಾ ಹೊಗೆ, ಎಲ್ಲರ ಕಣ್ಣಲ್ಲಿ ನೀರು. ಕಾಕಾ ಏನೂ ಅನ್ನಲಿಲ್ಲ, ಬೀಡಿ ಹಚ್ಚಿಕೊಂಡು ಅಂಗಳದಿಂದ ಚಿಮಣಿಯನ್ನೇ ನೋಡುತ್ತಾ ನಿಂತರು. ಅವರು ನೋಡುತ್ತಿದ್ದದ್ದು ಸರಿಯಾದ ಕಡೆಯೇ.

ಮನೆಯಲ್ಲಿದ್ದ 4 ಇಂಚಿನ ಪೈಪನ್ನೇ ಚಿಮಣಿ ಮಾಡಿದ್ದೆ. ರಾತ್ರಿ ಕೂತು ಲೆಕ್ಕ ಹಾಕಿದೆ. ಒಲೆಯ ದಾರಿ 36 ಚದರ ಇಂಚು. 4 ಇಂಚಿನ ಪೈಪಿನ ಬಾಯಿ ಹನ್ನೆರಡೂವರೆ ಚದರ ಇಂಚು. ಮೂರು ಪಾಲು ಹೊಗೆ ಒಂದು ಪಾಲು ಬಾಗಿಲಲ್ಲಿ ಹೋಗಬೇಕು. 6 ಇಂಚಿನದಾದರೆ 28. ಹೊಗೆ ಅಲ್ಲಿಗೆ ಬರುವಷ್ಟರಲ್ಲಿ ತಣ್ಣಗಾಗಿ ಕುಗ್ಗಿರುತ್ತದೆ, ಹಾಗಾಗಿ ಅಷ್ಟು ಸಾಕು. ಹೊಲದಲ್ಲಿ ನೀರು ಬೀಳದೆ ಬಿಟ್ಟ ಬೋರಿನ ಕಬ್ಬಿಣದ ಕೇಸಿಂಗ್ ಪೈಪು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದನ್ನೇ ತಂದೆವು. ತೂಕ ಸಿಕ್ಕಾಪಟ್ಟೆ, ನಾಲ್ಕು ಜನ ಹಿಡಿದು ಎತ್ತಿ, ಹೊರ ಗೋಡೆಗೆ ಮೂರು ಕಡೆ ಪಟ್ಟಿ ಹೊಡೆದು ನಿಲ್ಲಿಸಬೇಕಾಯಿತು. ಮಾಳಿಗೆಯ ಗೋಡೆಗಿಂತ 3 ಅಡಿ ಮೇಲೆ. ತುದಿಗೆ ತಗಡಿನ ಟೋಪಿ. ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅದರ ಮೇಲಿನ ಸತು ಜಾಸ್ತಿ ಕಾದರೆ ಬಿಡುವ ಹೊಗೆ ವಿಷ.

ಎರಡನೇ ತಪ್ಪು ಇನ್ನೂ ಸೂಕ್ಷ್ಮದ್ದು. ತಣ್ಣನೆ ಚಿಮಣಿ ಎಳೆಯುವುದಿಲ್ಲ. ಬಿಸಿ ಗಾಳಿ ಮೇಲೇರುವುದರಿಂದಲೇ ಎಳೆತ ಹುಟ್ಟುವುದು. 12 ಅಡಿ ತಣ್ಣನೆ ಕಟ್ಟೆ ಸುತ್ತಿ ಬಂದ ಹೊಗೆಗೆ ಮೇಲೇರುವ ಶಕ್ತಿ ಎಲ್ಲಿಂದ ಬರಬೇಕು? ಅದಕ್ಕೆ ಒಂದು ಅಡ್ಡದಾರಿ ಮಾಡಿದೆವು. ಗೋಡೆ ದಾಟಿ ಬಂದ ಹೊಗೆ ಕಟ್ಟೆಗೆ ಹೋಗದೆ ಸೀದಾ ಪಕ್ಕದ ಚಿಮಣಿಗೆ ಹೋಗುವ ಒಂದು ಕಿಂಡಿ, ಅದಕ್ಕೆ ಜಾರುವ ಕಬ್ಬಿಣದ ತಟ್ಟೆ. ಹೊತ್ತಿಸುವಾಗ ತಟ್ಟೆ ಎಳೆದು ಇಡುವುದು. ಐದಾರು ನಿಮಿಷಕ್ಕೆ ಚಿಮಣಿ ಬಿಸಿಯಾಗಿ ಒಲೆ ಗುಂಯ್ ಅಂತ ಸದ್ದು ಶುರು ಮಾಡುತ್ತದೆ. ಆಗ ತಟ್ಟೆ ಒಳಗೆ ತಳ್ಳುವುದು. ಹೊಗೆ ಕಟ್ಟೆಯ ಸುತ್ತು ಹಿಡಿಯುತ್ತದೆ. ಆ ಸದ್ದು ಮೊದಲ ಸಲ ಕೇಳಿದಾಗ ಕಾಕಾ ನನ್ನ ಬೆನ್ನಿಗೆ ಒಂದು ಗುದ್ದಿದರು. "ಈಗ ಉಸಿರಾಡ್ಲಿಕತ್ತದ ನೋಡು" ಅಂದರು. ಬಾಯಿಯ ಹತ್ತಿರ ಕೈ ಹಿಡಿದರೆ ಗಾಳಿ ಒಳಗೆ ಹೋಗುವುದು ಚರ್ಮಕ್ಕೆ ಗೊತ್ತಾಗುತ್ತಿತ್ತು.

ಕಟ್ಟೆಯ ಮೇಲೆ ಶಹಾಬಾದ್ ಕಲ್ಲು ಹಾಸಿದ್ದೆವು. ನಮ್ಮ ಕಡೆ ನೆಲಕ್ಕೆ, ಕಟ್ಟೆಗೆ, ಕಪಾಟಿಗೆ ಎಲ್ಲದಕ್ಕೂ ಅದೇ ಅಲ್ವಾ? ಮೂರನೇ ಬೆಂಕಿಯ ದಿನ ಹೊಗೆ ಒಳಬರುವ ಮೂಲೆಯಲ್ಲಿ ಟಪ್ ಅಂತ ಸದ್ದಾಗಿ ಕಲ್ಲು ಸೀಳಿತು. ಅದು ಸುಣ್ಣದ ಕಲ್ಲು, ಪದರು ಪದರಾಗಿ ಇರುವುದು. ಒಂದೇ ಕಡೆ ತಟ್ಟನೆ ಕಾದರೆ ಬಿರಿಯುತ್ತದೆ. ಆ ಮೂಲೆಯ ಎರಡು ಅಡಿಯನ್ನು ತೆಗೆದು, ದಾರಿಯ ಮೇಲೆ ಎರಡು ಪದರ ಇಟ್ಟಂಗಿ, ಮೇಲೆ ಎರಡು ಇಂಚು ಮಣ್ಣು ಹಾಕಿದೆವು. ಶಹಾಬಾದ್ ಕಲ್ಲು ಉಳಿದ ನಾಲ್ಕು ಅಡಿಗೆ ಮಾತ್ರ, ಅದೂ ಇಟ್ಟಂಗಿಯ ಮೇಲೆ. ಕಟ್ಟೆಯ ಹೊರ ಅಂಚಿಗೆ ಹಳೇ ಗೋಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ಕೂರಿಸಿದೆವು. ನೋಡಲು ಚೆಂದ, ಕೈಗೆ ಒರಟು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಈ ಕಟ್ಟೆಯಲ್ಲಿ ಒಂದು ಬಿರುಕು ಬಿಟ್ಟರೆ ಶೇಗಡಿಯ ಅಪಾಯವೇ ಬೇರೆ ರೂಪದಲ್ಲಿ ವಾಪಸ್ ಬರುತ್ತದೆ. ಅಪ್ಪನನ್ನು ಅಲ್ಲಿ ಮಲಗಿಸುವ ಮುಂಚೆ ಹೊಗೆ ಪರೀಕ್ಷೆ ಮಾಡಿದೆ. ಒಲೆಯಲ್ಲಿ ಹಸಿ ಬೇವಿನ ಸೊಪ್ಪು ಹಾಕಿ ದಟ್ಟ ಹೊಗೆ ಎಬ್ಬಿಸಿದೆವು. ಚಿಮಣಿಯ ತುದಿಗೆ ಒದ್ದೆ ಗೋಣಿಚೀಲ. ಕೋಣೆ ಕತ್ತಲು ಮಾಡಿ ಟಾರ್ಚ್ ಹಿಡಿದು ಅಂಗುಲ ಅಂಗುಲ ನೋಡಿದೆ. ಗೋಡೆಗೂ ಕಟ್ಟೆಗೂ ಸೇರುವ ಗೆರೆಯಲ್ಲಿ, ನೆಲದಿಂದ ಗೇಣು ಮೇಲೆ, ದಾರದಂಥ ಬಿಳಿ ಎಳೆ ಮೇಲೇಳುತ್ತಿತ್ತು. ಇನ್ನೊಂದು ತಿರುವಿನ ಹತ್ತಿರ. ಎರಡನ್ನೂ ಕೊರೆದು, ನೀರು ಚಿಮುಕಿಸಿ, ತೆಳು ಕೆಸರು ತುಂಬಿ, ಇಡೀ ಕಟ್ಟೆಗೆ ಇನ್ನೊಂದು ಪದರ ಗಿಲಾವು ಹೊಡೆದೆವು. ಒಣಗಿದ ಮೇಲೆ ಮತ್ತೆ ಅದೇ ಪರೀಕ್ಷೆ, ಮೂರು ಸಲ. ಕಾರ್ಬನ್ ಮಾನಾಕ್ಸೈಡ್ ಅಲಾರಂ ತರಿಸಿ ಮಲಗುವ ತಲೆಯ ಮಟ್ಟಕ್ಕೆ ಗೋಡೆಗೆ ಹಾಕಿದೆ. ಗಾಳಿಯ 10 ಲಕ್ಷ ಪಾಲಿನಲ್ಲಿ ಈ ಅನಿಲ 300 ಪಾಲು ಮುಟ್ಟಿದರೆ 3 ನಿಮಿಷದೊಳಗೆ, 50 ಪಾಲು ಇದ್ದರೂ ಒಂದರಿಂದ ಒಂದೂವರೆ ಗಂಟೆಯೊಳಗೆ ಕೂಗಬೇಕು, ಹಾಗೆ ಮಾಡಿರುತ್ತಾರೆ. ದಯವಿಟ್ಟು ಇದೊಂದನ್ನು ಉಳಿಸಲು ಹೋಗಬೇಡಿ. ಅಲಾರಂ ಇಲ್ಲದೆ ಈ ಕಟ್ಟೆ ಕಟ್ಟಲೇಬೇಡಿ. ಕಿಟಕಿಯ ಮೇಲಿನ ಗವಾಕ್ಷಿಯೂ ಸದಾ ತೆರೆದೇ ಇರುತ್ತದೆ.

ಮೊದಲ ಒಂದು ವಾರ ಸಣ್ಣ ಬೆಂಕಿ ಮಾತ್ರ ಹಾಕಿದೆವು, ಮಣ್ಣು ಒಣಗಲಿ ಅಂತ. ಚಿಮಣಿಯ ಬುಡದಲ್ಲಿ ಕಪ್ಪು ನೀರು ಹನಿಯುತ್ತಿತ್ತು. ಅದು ಮಣ್ಣಿನ ತೇವ. ಎಂಟನೇ ದಿನ ನಿಂತಿತು.

ಈಗ ಕಟ್ಟಿಗೆಯ ವಿಷಯ. ತೊಗರಿ ಕಟ್ಟಿಗೆ ಬೆರಳು ದಪ್ಪ, ಭರ್ ಅಂತ ಉರಿದು ಮುಗಿಯುತ್ತದೆ. ಇಂಥ ಒಲೆಗೆ ಅದೇ ಬೇಕು. ಜೋರಾಗಿ, ಬೇಗ ಉರಿಸಿ, ಬಿಸಿಯನ್ನು ಕಲ್ಲಿಗೆ ತುಂಬಿಬಿಡುವುದು. ಒಂದೂಕಾಲು ಅಡಿಗೆ ಕಡಿದು, ಮುಷ್ಟಿ ಗಾತ್ರದ ಪೆಂಡಿ ಕಟ್ಟುತ್ತೇವೆ. ಒಂದು ಪೆಂಡಿ ಅರ್ಧ ಕೆಜಿ. ಉದ್ದ ಬಿಟ್ಟರೆ ಬಾಯಿಯ ಮೇಲಕ್ಕೂ ಉರಿ ಏರಿ ಹೊಗೆ ಬರುತ್ತದೆ. ಈ ವರ್ಷದ ರಾಶಿಯದ್ದು ಈ ಚಳಿಗಾಲಕ್ಕೆ ಬೇಡ, ಹಸಿ ಇರುತ್ತದೆ. ಹೋದ ವರ್ಷದ್ದು ಬೇಕು. ಮುರಿದರೆ ಟಕ್ ಅನ್ನಬೇಕು, ಬಾಗಬಾರದು. ಗೆದ್ದಲು ಹತ್ತದಂತೆ ಕಲ್ಲಿನ ಮೇಲೆ ಒಟ್ಟಿ, ಮೇಲೆ ತಗಡು ಹಾಕಿದ್ದೇವೆ. ಹತ್ತಿ ಕಟ್ಟಿಗೆಯೂ ಚೆನ್ನಾಗಿ ಉರಿಯುತ್ತದೆ. ಆದರೆ ಅದನ್ನು ಮುಂದಿನ ಬಿತ್ತನೆಯವರೆಗೆ ಒಟ್ಟಿ ಇಡಬಾರದು, ಗುಲಾಬಿ ಕಾಯಿಕೊರಕದ ಹುಳ ಅದರೊಳಗೇ ಉಳಿದು ಮತ್ತೆ ಹೊಲಕ್ಕೆ ಬರುತ್ತದೆ. ಹೊತ್ತಿಸಲು ಪ್ಲಾಸ್ಟಿಕ್, ಟೈರ್ ಚೂರು ನಮ್ಮನೆಯಲ್ಲಿ ಬಂದ್. ಒಣ ಕುಳ್ಳಿನ ಚೂರು ಸಾಕು.

ಸಂಜೆ ಆರಕ್ಕೆ 8 ಪೆಂಡಿ, ಅಂದರೆ 4 ಕೆಜಿ. ಒಂದು ಗಂಟೆ ಹತ್ತು ನಿಮಿಷದ ಉರಿ. 40 ಲೀಟರ್ ಹಂಡೆ ನೀರು ಕೈ ಸುಡುವಷ್ಟು. ಅದಕ್ಕೆ ಹಿಡಿಯುವುದು ಸುಮಾರು ಒಂದೂವರೆ ಯೂನಿಟ್ ಬಿಸಿ. ಕಟ್ಟೆಯ ಮಣ್ಣು ಕಲ್ಲು ಸೇರಿ ಅಂದಾಜು 900 ಕೆಜಿ. ಅದು ಸರಾಸರಿ 20 ಡಿಗ್ರಿ ಏರಿದರೆ 4 ಯೂನಿಟ್ ಒಳಗೆ ಕೂತಂತೆ. 500 ವ್ಯಾಟಿನ ಹೀಟರ್ ಎಂಟು ಗಂಟೆ ಉರಿದಷ್ಟು. ಕಟ್ಟಿಗೆಯಲ್ಲಿ ಇದ್ದದ್ದು 16 ಯೂನಿಟ್. ಉಳಿದದ್ದು ಒಲೆಯ ಮಣ್ಣಿಗೆ, ಗೋಡೆಗೆ, ಚಿಮಣಿಗೆ. ಚಿಮಣಿಗೂ ಒಂದಿಷ್ಟು ಬಿಸಿ ಕೊಡಲೇಬೇಕು, ಇಲ್ಲದಿದ್ದರೆ ಅದು ಎಳೆಯುವುದಿಲ್ಲ.

ಜನವರಿಯ ಒಂದು ರಾತ್ರಿ ಬರೆದಿಟ್ಟಿದ್ದೇನೆ. ರಾತ್ರಿ 9ಕ್ಕೆ ಕಟ್ಟೆಯ ನಡುಭಾಗ 38 ಡಿಗ್ರಿ, ಕೋಣೆ 21. ಬೆಳಿಗ್ಗೆ 5ಕ್ಕೆ ಅಂಗಳದಲ್ಲಿ 9, ಕೋಣೆಯಲ್ಲಿ 17, ಕಟ್ಟೆ 29. ಹೊಗೆ ಒಳಬರುವ ಮೂಲೆ ಮಾತ್ರ 55ರವರೆಗೆ ಹೋಗುತ್ತದೆ. ಅಲ್ಲಿ ಕಾಲೂ ಇಲ್ಲ, ತಲೆಯೂ ಇಲ್ಲ, ಅಪ್ಪನ ಪಂಚೆ ಟವೆಲ್ ಒಣಗುತ್ತವೆ. ಫೋಮ್ ಹಾಸಿಗೆ ಹಾಕಲಿಲ್ಲ. ಅವ್ವ ಹೊಲಿದ ಎರಡು ಕೌದಿ, ಅಷ್ಟೇ.

ಉರಿ ಮುಗಿದ ಮೇಲೆ ಒಲೆಯ ಬಾಯಿ ಮುಚ್ಚದಿದ್ದರೆ ತಣ್ಣನೆ ಗಾಳಿ ರಾತ್ರಿಯಿಡೀ ಒಳಗೆ ಹರಿದು ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಹಾಗಂತ ಕೆಂಡ ಇರುವಾಗ ಮುಚ್ಚಬಾರದು. ವಿಷ ಹುಟ್ಟುವುದೇ ಆಗ. ನಾನು ಊಟ ಮುಗಿಸಿ ಬಂದು ಕೆಂಡವನ್ನೆಲ್ಲ ಬಾಣಲೆಗೆ ಎಳೆದು ಅಂಗಳದಲ್ಲಿ ನೀರು ಹಾಕಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಕಲ್ಲು ಮುಚ್ಚುತ್ತೇನೆ. ಎರಡು ವಾರಕ್ಕೊಮ್ಮೆ ಕಟ್ಟೆಯ ತಿರುವಿನ ಕಿಂಡಿ ತೆಗೆದು ಬೂದಿ ಗೋರುವುದು. ಒಂದು ಬೋಗುಣಿಯಷ್ಟು ಸಿಗುತ್ತದೆ, ಅವ್ವನ ಪಾತ್ರೆಗೆ ಆಗುತ್ತದೆ. ಆ ಕಿಂಡಿಗೆ ಈಗ ಎಣ್ಣೆ ಡಬ್ಬಿಯ ತಗಡು ಮುಚ್ಚಿ ಸುತ್ತ ಕೆಸರು ಮೆತ್ತಿದ್ದೇನೆ. ಪ್ರತಿ ಸಲ ಕಿತ್ತು ಮೆತ್ತುವುದು ಕಿರಿಕಿರಿ. ಮುಂದಿನ ಮಳೆಗಾಲದೊಳಗೆ ಸರಿಯಾದ ಎರಕದ ಬಾಗಿಲು ಹಾಕಿಸಬೇಕು.

ಒಟ್ಟು ಖರ್ಚು 11,000 ರೂಪಾಯಿ ಚಿಲ್ಲರೆ. ಕಾಕಾನ ಕೂಲಿ, ಫೈರ್ ಬ್ರಿಕ್, ಅಲಾರಂ ಇವೇ ದೊಡ್ಡವು. ಪೈಪು, ಕಲ್ಲು, ಮಣ್ಣು ಮನೆಯದೇ.

ಅಪ್ಪ ಮೊದಲ ಮೂರು ದಿನ ಮಂಚ ಬಿಡಲಿಲ್ಲ. ನಾಲ್ಕನೇ ರಾತ್ರಿ ನೋಡಿದರೆ ತಾವೇ ಕೌದಿ ಎಳೆದುಕೊಂಡು ಕಟ್ಟೆಯ ಮೇಲೆ, ಮೊಣಕಾಲನ್ನು ಬೆಚ್ಚನೆ ಕಡೆಗೆ ಇಟ್ಟು ಮಲಗಿದ್ದರು. ಈಗ ದಿನಾ ಏಳು ಗಂಟೆಗೆ ಬಂದು ಜಂಬಿಟ್ಟಿಗೆಯ ಅಂಚಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಸಾಕಾದರೆ ಏನೂ ಹೇಳುವುದಿಲ್ಲ. ಸಾಲದಿದ್ದರೆ ಕಿಟಕಿಯಿಂದ ಕೂಗುತ್ತಾರೆ: "ಇನ್ನ ಎರಡ ಪೆಂಡಿ ಹಾಕಪ್ಪಾ."